ಕಟ್ಟಿಗೆ ಸಂದಿಯ ಕಾರು

ಮನೆಗೆ ಕಾರು ಬರುವ ತನಕ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಬಣ್ಣ ಯಾವುದು, ಎಷ್ಟು ಜನ ಕೂಡ್ರಬಹುದು, ಧಾರವಾಡದ ಜಿಟಿಜಿಟಿ ಮಳೆಗೆ ಒಳಗೆ ನೀರು ಬರುತ್ತದೋ ಹೇಗೆ ಎಂದೆಲ್ಲ ವಾರಗಟ್ಟಲೆ ಮಾತಾಗಿತ್ತು. ಬಂದ ದಿನ ಅದು ಬೀದಿ ಬಾಗಿಲ ಮುಂದೆ, ಬೇವಿನ ಗಿಡದ ನೆರಳಿನಲ್ಲಿ ನಿಂತಿತು. ಅಲ್ಲಿಂದ ಮುಂದೆ ಅದೇ ಅದರ ಜಾಗವಾಯಿತು.

ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತಿದು. ಮಾಳಮಡ್ಡಿಯಲ್ಲಿ ನಮ್ಮ ಮನೆ. ಯಜಮಾನರದು ವಕೀಲಿ. ಮನೆಯಲ್ಲಿ ನಾವಿಬ್ಬರು, ಮತ್ತು ನಮ್ಮ ಅತ್ತೆ. ಮಾವನವರು ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರು ಹೊಸ ಮೋಟಾರು ತರಿಸಿಕೊಂಡಾಗ ಅವರ ಹಳೆಯದನ್ನು ಯಜಮಾನರು ಕೊಂಡಿದ್ದರು. ಹಳೆಯದೆಂದರೆ ಅವರಿಗೆ ಹಳೆಯದು. ಎಲೆಹಸಿರು ಬಣ್ಣ, ಮಡಿಚಿ ಹಿಂದಕ್ಕೆ ಸರಿಸಬಹುದಾದ ಕ್ಯಾನ್ವಾಸಿನ ಹೊದಿಕೆ, ಮಗ್ಗುಲಿಗೆ ಕಟ್ಟಿದ ಒಂದು ಹೆಚ್ಚಿನ ಗಾಲಿ, ಮುಂದೆ ತಂಬಿಗೆಯಷ್ಟು ದೊಡ್ಡ ಎರಡು ದೀಪ. ಯಜಮಾನರು ಕೋರ್ಟಿನಿಂದ ಬಂದವರು ಕೋಟು ತೆಗೆಯುವ ಮೊದಲು ಧೋತರದ ಚುಂಗಿನಿಂದ ಆ ದೀಪಗಳನ್ನು ಒರೆಸುತ್ತಿದ್ದರು. ತಮ್ಮ ಕನ್ನಡಕವನ್ನು ಅಷ್ಟು ಕಾಳಜಿಯಿಂದ ಒರೆಸಿದ್ದನ್ನು ನಾನು ನೋಡಿಲ್ಲ.

ಗಾಡಿ ನಡೆಸಲು ಒಬ್ಬ ಡ್ರೈವರನನ್ನು ಇಟ್ಟುಕೊಂಡಿದ್ದರು. ಮೊದಲು ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ ಮುಸಲ್ಮಾನ, ನಡುವಯಸ್ಸು ದಾಟಿದವನು. ಮೋಟಾರು ಕಲಿತು ಬಂದಿದ್ದನೇ ಹೊರತು ನಾಲಗೆ ಇನ್ನೂ ಟಾಂಗಾದ್ದೇ ಆಗಿತ್ತು. ಹ್ಯಾಂಡಲು ತಿರುಗಿಸಿದಾಗ ಇಂಜಿನು ಕೆಮ್ಮಿ ಸುಮ್ಮನಾದರೆ "ಚಲ್ ಬೇಟಾ, ಚಲ್" ಎಂದು ಅದರ ಮೂತಿ ತಟ್ಟುತ್ತಿದ್ದ. ಬೇಟಾ ಎಂದರೆ ಅದಕ್ಕೆ ಕೇಳಿಸುತ್ತಿತ್ತೋ ಏನೋ, ಎರಡನೆಯ ಸಲಕ್ಕೆ ಸುರುವಾಗುತ್ತಿತ್ತು. ಇದನ್ನೆಲ್ಲ ನಾನು ಪಡಸಾಲೆಯ ಒಳಗಿನ ಕಿಟಕಿಯಿಂದ ನೋಡುತ್ತಿದ್ದೆ.

ನನ್ನ ತಕರಾರು ಆ ಕಿಟಕಿಯದೇ. ವಕೀಲರ ಮನೆಯ ಕಟ್ಟೆ ಬೆಳಗಾಗುವುದರೊಳಗೆ ತುಂಬಿಬಿಡುತ್ತಿತ್ತು. ಕುಂದಗೋಳದವರು, ಕಲಘಟಗಿಯವರು, ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ, ಎಲ್ಲರೂ ಬುತ್ತಿ ಕಟ್ಟಿಕೊಂಡು ಬಂದು ಸಂಜೆಯ ತನಕ ಕೂಡ್ರುವವರು. ಅವರ ನಡುವೆ ಹಾದು ಹೋಗಿ ಮೋಟಾರು ಹತ್ತುವುದು ಮನೆಯ ಹೆಣ್ಣುಮಕ್ಕಳಿಂದ ಆಗುವ ಮಾತಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ, ಆದರೆ ಹಾಗೆ ಯಾರೂ ಹೋಗುತ್ತಿರಲಿಲ್ಲ. ಗುಡಿಗೆ ಹೋಗಲಿ, ಅರಿಸಿನ ಕುಂಕುಮಕ್ಕೆ ಹೋಗಲಿ, ನಾವು ಹಿತ್ತಲ ಬಾಗಿಲಿನಿಂದ ಹೊರಟು ಹಿಂದಿನ ಓಣಿ ಹಿಡಿಯುವವರು. ಕಾರು ಬಂದ ದಿನ ಕಕ್ಷಿದಾರರನ್ನು ಅತ್ತ ಕಳಿಸಿ, ನಾನೂ ಅತ್ತೆಯೂ ಅದಕ್ಕೆ ಕುಂಕುಮ ಹಚ್ಚಿ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಬಂದಿದ್ದೆವು. ಆಮೇಲೆ ಅದರ ಸಮೀಪಕ್ಕೂ ಹೋಗಿರಲಿಲ್ಲ. "ಒಂದು ದಿನ ಎಲ್ಲಾರೂ ಹುಬ್ಬಳ್ಳಿಗೆ ಹೋಗೂಣು" ಎಂದು ಯಜಮಾನರು ಮನಸ್ಸಿನಿಂದಲೇ ಹೇಳುತ್ತಿದ್ದರು. ಕಟ್ಟೆ ಬರಿದಾದ ದಿನವೊಂದು ಬರುತ್ತಲೇ ಇರಲಿಲ್ಲ.

ನನಗೋ ಕೇಳಬೇಕಾದದ್ದು ಬಹಳ ಇತ್ತು. ನಿಂತಾಗಲೂ ಒಳಗೆ ಬೆಂಕಿ ಇರುತ್ತದೆಯೇ? ಹಿಂದಕ್ಕೆ ಹೋಗಬೇಕಾದಾಗ ಗಾಲಿಗೆ ಅದು ಹೇಗೆ ತಿಳಿಯುತ್ತದೆ? ಎಲ್ಲಕ್ಕಿಂತ ಹೆಚ್ಚಾಗಿ, ಮುಂದೆ ಕೂತವರಿಗೆ ದಾರಿ ಹೇಗೆ ಕಾಣುತ್ತದೆ?

ದಸರೆ ಹತ್ತಿರ ಬಂದಿದ್ದಾಗ ಒಂದು ಬೆಳಿಗ್ಗೆ ಅಂಗಳದಲ್ಲಿ ಗದ್ದಲವೆದ್ದಿತು. ನವಲಗುಂದದ ಕಡೆಯ ಒಬ್ಬ ರೈತ ತನ್ನ ತಟ್ಟು ಹತ್ತಿ ಬಂದಿದ್ದ. ತಟ್ಟು ಎಂದರೆ ಗಿಡ್ಡ ಕುದುರೆ. ಇಳಿದವನು ಅದನ್ನು ಕಾರಿನ ಮುಂದಿನ ಕಬ್ಬಿಣದ ಪಟ್ಟಿಗೆ ಕಟ್ಟಿ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ತಟ್ಟು ಮೊದಲು ದೀಪ ನೆಕ್ಕಿತು. ಆಮೇಲೆ ಕತ್ತು ಚಾಚಿ ಕ್ಯಾನ್ವಾಸಿನ ಒಂದು ಮೂಲೆಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿತು. ಯಜಮಾನರು ಅರ್ಧ ಮುಖಕ್ಷೌರ ಮಾಡಿಸಿಕೊಂಡವರು ಹಾಗೆಯೇ ಓಡಿ ಬಂದು ಏನು ಮಾಡಿದೆಯೋ ಎಂದು ಕೇಳಿದರೆ ರೈತ ಎದ್ದು ನಿಂತು ಕೈಮುಗಿದ.

"ಗಟ್ಟಿ ಐತಿ ಅಂತ ಕಟ್ಟೇನ್ರಿ ಸಾಹೇಬ್ರ. ಗಿಡಕ್ಕ ಕಟ್ಟಿದ್ರ ತೊಗಟಿ ತಿಂತೈತಿ ಅಂತ ಹ್ವಾದ ಸಲ ನೀವ ಬೈದಿದ್ರಿ."

ವಕೀಲರು ಉಳಿದರ್ಧ ಕ್ಷೌರಕ್ಕೆಂದು ಒಳಗೆ ಹೋದರು. ಡ್ರೈವರ್ ತಟ್ಟಿನ ದವಡೆಯ ಸಂದಿಗೆ ಬೆರಳು ಹಾಕಿ, ಬೈಯುತ್ತ ಮುದ್ದಿಸುತ್ತ ಕ್ಯಾನ್ವಾಸು ಬಿಡಿಸಿದ. ಬಿಡಿಸಿದ ಮೇಲೂ ಅದರ ಕತ್ತು ಸವರುತ್ತ ಬಹಳ ಹೊತ್ತು ನಿಂತಿದ್ದ. ನಾನು ಕಿಟಕಿಯ ಸಲಾಕೆ ಹಿಡಿದುಕೊಂಡು ಆ ಕತ್ತನ್ನೇ ನೋಡುತ್ತಿದ್ದೆ.

ಅಂದು ಊಟಕ್ಕೆ ಕೂತಾಗ ಯಜಮಾನರು ನಿರ್ಧಾರ ಮಾಡಿದರು. ಅಂಗಳದಲ್ಲೇ ನಾಲ್ಕು ಕಂಬ ನಿಲ್ಲಿಸಿ, ತಗಡು ಹೊದಿಸಿ, ಸುತ್ತ ಕಟ್ಟಿಗೆಯ ಪಟ್ಟಿಗಳ ಕಟಾಂಜನ ಮಾಡಿಸಿಬಿಡುವುದು. ದಸರೆ ಮುಗಿದೊಡನೆ ಬಡಿಗ ಬರುತ್ತಾನೆ. ನಾನು ಬಡಿಸುತ್ತಿದ್ದವಳು ಅಲ್ಲೇ ನಿಂತೆ. ಬೇವಿನ ಗಿಡದ ಕೆಳಗೆ ಸುಮ್ಮನೆ ನಿಂತ ಕಾರು ಇಂದಲ್ಲ ನಾಳೆ ಸರಿದೀತು. ತಗಡು ಹೊದಿಸಿದರೆ ಮುಗಿಯಿತು, ಅದು ಕಟ್ಟೆಯವರ ಪಾಲಿನದು. ಇದು ನನಗೆ ಅಷ್ಟು ಸ್ಪಷ್ಟವಾಗಿ ಹೊಳೆಯಲು ಕಾರಣವಿತ್ತು. ಇಂಥದ್ದೊಂದನ್ನು ನಾನು ಮೊದಲೇ ಕಂಡಿದ್ದೆ.

ನಮ್ಮ ಅಪ್ಪ ಸರ್ವೇ ಖಾತೆಯಲ್ಲಿದ್ದರು. ಹೊಲಗಳ ಅಳತೆಗೆ ಊರೂರು ತಿರುಗುವ ಕೆಲಸ. ಹುಬ್ಬಳ್ಳಿಯ ಹೊರ ಅಂಚಿನಲ್ಲಿ, ನವಲಗುಂದದ ದಾರಿಗೆ ನಮ್ಮ ಮನೆ. ಅಲ್ಲಿಂದಾಚೆಗೆಲ್ಲ ಎರಿಭೂಮಿ. ಮಳೆ ಬಿದ್ದರೆ ಚಕ್ಕಡಿಯ ಗಾಲಿ ಕರಿಮಣ್ಣಿನಲ್ಲಿ ಹೂತು ಅಲ್ಲೇ ನಿಲ್ಲುತ್ತಿತ್ತು. ಅದಕ್ಕೇ ಅಪ್ಪನಿಗೆ ಕುದುರೆ. ಕೆಂಪು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಒಡೆದ ಕೊಬ್ಬರಿಯಂಥ ಬಿಳಿ ಚುಕ್ಕೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅದರ ಗೂಟ.

ಗೂಟ ಹೊಡೆಯುವ ಮೊದಲು ಅಪ್ಪ ನೆಲ ನೋಡುತ್ತಿದ್ದ ರೀತಿಯೇ ಬೇರೆ. ಯಾವ ಊರಿಗೆ ಹೋಗಲಿ, ಮೊದಲು ಒಂದು ಕೊಡ ನೀರು ತರಿಸಿ ಅಲ್ಲಿ ಸುರುವಿ, ಪಕ್ಕದಲ್ಲಿ ಕೂತು ಎಲೆ ಹಾಕಿಕೊಳ್ಳುವರು. ಎಲೆ ಮುಗಿಯುವುದರೊಳಗೆ ನೀರು ಹರಿದೋ ಇಂಗಿಯೋ ಹೋಗಿರಬೇಕು. ನಿಂತಿದ್ದರೆ ಆ ಜಾಗ ಬೇಡ, ಅಲ್ಲಿ ಕಟ್ಟಿದರೆ ಗೊರಸು ಕೊಳೆಯುತ್ತದೆ. ತಿರುಗಾಟದಿಂದ ಬಂದಾಗಲೆಲ್ಲ ಆ ಊರಿನ ನೆಲ ಹೇಗಿತ್ತು, ನೀರು ಯಾವ ಕಡೆ ಹರಿಯಿತು ಎಂದು ನನಗೆ ಹೇಳುತ್ತಿದ್ದರು. ಬೇರೆಯವರ ಅಪ್ಪಂದಿರು ಹೇಳುತ್ತಿದ್ದ ಕತೆಗಳು ಬೇರೆ ಥರದವು.

ಬೆಳಿಗ್ಗೆ ಕುದುರೆಯ ಮೈ ತಿಕ್ಕುವಾಗ ನಾನು ಒಗೆಯುವ ಕಲ್ಲು ಹತ್ತಿ ನಿಲ್ಲುತ್ತಿದ್ದೆ. ಆ ಕಲ್ಲಿನಿಂದ ಬೆನ್ನಿಗೆ ಒಂದೇ ಹೆಜ್ಜೆ. ಮೊದಮೊದಲು ಸುಮ್ಮನೆ ಕೂಡ್ರಿಸಿದರು, ಆಮೇಲೆ ಹಗ್ಗ ಹಿಡಿದು ಹಿತ್ತಲಲ್ಲೇ ಸುತ್ತಿಸಿದರು, ಆಮೇಲೆ ಹಗ್ಗ ನನ್ನ ಕೈಗೇ ಬಂತು. ಉಟ್ಟ ಪರಕಾರದ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು, ಜೀನಿಲ್ಲದ ಬೆನ್ನಿನ ಮೇಲೆ, ಹಿಂದಿನ ಓಣಿ ದಾಟಿ ಬದುವಿನ ಗುಂಟ ಸಿಹಿನೀರ ಬಾವಿಯ ತನಕ ಹೋಗಿ ಬರುವುದು. ಕುದುರೆಯ ಮೈಯ ಬಿಸುಪು ಕಾಲಿಗೆ ತಾಗುತ್ತಿತ್ತು. ಮನೆಗೆ ಬಂದರೆ ಪರಕಾರದ ತುಂಬ ಕೆಂಪು ಕೂದಲು, ಅವ್ವನ ಬೈಗಳು. ಕುದುರೆಯ ಮೇಲೆ ಕೂತವರಿಗೆ ಲೋಕವೆಲ್ಲ ಅದರ ಎರಡು ಕಿವಿಗಳ ನಡುವೆ ಕಾಣುತ್ತದೆ. ಒಂದು ಕಿವಿ ಮುಂದಕ್ಕೂ ಒಂದು ಹಿಂದಕ್ಕೂ ತಿರುಗಿತೆಂದರೆ ಎದುರಿಗೆ ಏನೋ ಬರುತ್ತಿದೆ, ಏನು ಮಾಡಲೆಂದು ಹತ್ತಿದವಳನ್ನು ಕೇಳುತ್ತಿದೆ ಎಂದರ್ಥ. ನಾಯಿಯೋ ಎತ್ತಿನ ಜೋಡಿಯೋ ಆಮೇಲೆ ಕಾಣಿಸುತ್ತಿತ್ತು. ಇನ್ನೂ ಕಾಣದ್ದು ಅದಕ್ಕೆ ಹೇಗೆ ತಿಳಿಯಿತೆಂದು ನಾನು ದಾರಿಯುದ್ದಕ್ಕೂ ಆಶ್ಚರ್ಯಪಡುತ್ತಿದ್ದೆ.

ನನಗೆ ಸೀರೆ ಉಡಿಸಲು ಸುರು ಮಾಡಿದ ವರ್ಷ, ಒಂದು ದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಕುದುರೆ ಇರಲಿಲ್ಲ. ಗೂಟವೂ ಇರಲಿಲ್ಲ. ಮುಂದಿನ ಅಂಗಳದಲ್ಲಿ, ರಸ್ತೆಗೆ ಎದುರಾಗಿ, ಅದೇ ಗೂಟವನ್ನು ಹೊಸದಾಗಿ ನೆಟ್ಟಿದ್ದರು. ಹಿತ್ತಲ ನೆಲ ಹಸಿಯಾಗಿದೆ, ಅದಕ್ಕೇ ಎಂದು ಅಪ್ಪ ಎಲ್ಲರಿಗೂ ಹೇಳಿದರು. ಕುದುರೆ ಹತ್ತಬೇಡವೆಂದು ಯಾರೂ ನನಗೆ ಹೇಳಲಿಲ್ಲ. ಮುಂದಿನ ಅಂಗಳದಲ್ಲಿ, ಹೋಗಿ ಬರುವವರ ಕಣ್ಣೆದುರಿಗೆ, ಸೀರೆ ಉಟ್ಟ ಹುಡುಗಿ ಕುದುರೆ ಹತ್ತುವ ಪ್ರಶ್ನೆಯೇ ಏಳಲಿಲ್ಲ, ಅಷ್ಟೆ. ಆ ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಒಂದು ಚೆರಿಗೆ ನೀರು ಒಯ್ದು ಗೂಟ ಕಿತ್ತ ಜಾಗದಲ್ಲಿ ಸುರುವಿದೆ. ಒಂದು ಕ್ಷಣದಲ್ಲಿ ಇಂಗಿ ಹೋಯಿತು. ನೆಲ ಹಸಿಯಿರಲಿಲ್ಲ. ನೆಲದ ವಿಷಯದಲ್ಲಿ ಅಪ್ಪ ತಪ್ಪುವವರಲ್ಲ. ಹಾಗಾದರೆ ಹೇಗೆ ತಪ್ಪಿದರು? ಬಹಳ ವರ್ಷ ಈ ಪ್ರಶ್ನೆ ನನ್ನ ಜೊತೆಗಿತ್ತು. ಕೇಳಲಿಲ್ಲ.

ಇಷ್ಟೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಯಜಮಾನರಿಗೆ ಹೇಳಿದ್ದು ಒಂದೇ: ಕಂಬ ನೆಡುವ ಮೊದಲು ನೆಲ ನೋಡಬೇಕಲ್ಲವೇ, ಹಿತ್ತಲಲ್ಲಿ ಇದಕ್ಕಿಂತ ಛಲೋ ಜಾಗ ಇದ್ದೀತು. ಅವರು ನಕ್ಕು, ನೋಡು ಹಾಗಾದರೆ ಎಂದರು. ಮರುದಿನ ಅವರು ಕಾರಿನಲ್ಲಿ ಕೋರ್ಟಿಗೆ ಹೋಗಿ, ಕಟ್ಟೆಯವರೂ ಅಂದು ಅಪರೂಪಕ್ಕೆ ಎಲ್ಲರೂ ಅವರ ಬೆನ್ನಿಗೆ ಹೋದ ಮೇಲೆ, ನಾನು ಕೊಡ ಹಿಡಿದು ಹೊರಟೆ. ಬೇವಿನ ಗಿಡದ ಕೆಳಗೆ ಸುರುವಿದೆ. ಸಣ್ಣ ಕಲ್ಲು ಬೆರೆತ ಗರಸಿನ ಕೆಂಪು ನೆಲ, ನೀರು ಸರಸರನೆ ರಸ್ತೆಯ ಕಡೆಗೆ ಹರಿದು ಹೋಯಿತು. ಹಿತ್ತಲಿಗೆ ಹೋಗಿ ಸುರುವಿದೆ. ಎಲೆ ಹಾಕಿಕೊಳ್ಳುವ ರೂಢಿ ನನಗಿಲ್ಲ, ಒಂದು ದೇವರ ಹಾಡು ಹೇಳಿಕೊಂಡೆ. ಮುಗಿಯಿತು, ನೀರು ಅಲ್ಲೇ. ಬಚ್ಚಲ ನೀರು ಹರಿದು ಹರಿದು ಆ ಮಣ್ಣು ನೀರು ಕುಡಿದು ತುಂಬಿಬಿಟ್ಟಿತ್ತು. ಇನ್ನೊಂದು ಮೂಲೆಯಲ್ಲೂ ಹಾಗೆಯೇ. ನನ್ನ ಪರೀಕ್ಷೆ ನನ್ನ ವಿರುದ್ಧವೇ ಸಾಕ್ಷಿ ಹೇಳಿತು.

ಕೊಡದ ತಳದಲ್ಲಿ ಸ್ವಲ್ಪ ನೀರಿತ್ತು. ಒಳಗೆ ಹೋಗುವಾಗ ಸಂದಿಯಲ್ಲಿ ಅದನ್ನೂ ಚೆಲ್ಲಿದೆ. ನಮ್ಮ ಮನೆಯ ಗೋಡೆಗೂ ನೆರೆಯವರ ಪಾಗಾರಕ್ಕೂ ನಡುವೆ ಮಾಡಿನ ಕೆಳಗೆ, ಕಟ್ಟಿಗೆಯ ಚಕ್ಕಡಿ ಬರುವಷ್ಟು ಅಗಲದ ಸಂದಿ ಅದು, ಒಂದು ತುದಿ ರಸ್ತೆಗೆ ತೆರೆದಿತ್ತು. ಅಡಿಗೆಮನೆಯ ಮಗ್ಗುಲ ಬಾಗಿಲು ಅಲ್ಲಿಗೇ ತೆರೆಯುತ್ತದೆ. ಚೆಲ್ಲಿದ ನೀರು ಕಾಣುವಷ್ಟೂ ಹೊತ್ತು ನಿಲ್ಲಲಿಲ್ಲ. ಬಗ್ಗಿ ನೋಡಿದೆ. ದಪ್ಪ ಗರಸು ಹಾಕಿ, ಇಳಿಜಾರು ಮಾಡಿ ದುರುಮುಸಿನಿಂದ ಬಡಿದು ಗಟ್ಟಿ ಮಾಡಿದ ನೆಲ. ಮನೆಯಲ್ಲೇ ಎಲ್ಲಕ್ಕಿಂತ ಒಣ ಜಾಗ ಅದು, ಮತ್ತು ಅದರ ಮೇಲೆ ಎದೆಯೆತ್ತರ ಅತ್ತೆಯವರ ಕಟ್ಟಿಗೆ.

ಅತ್ತೆಯವರ ಕಟ್ಟಿಗೆ ಎಂದರೆ ತಮಾಷೆಯಲ್ಲ. ಮಳೆಗಾಲಕ್ಕೆ ಮೊದಲು ತಾವೇ ನಿಂತು ಒಟ್ಟಿಸುವರು. ಸಣ್ಣದು, ದಪ್ಪದು, ಹಬ್ಬದ ಅಡಿಗೆಗೆಂದು ಎತ್ತಿಟ್ಟದ್ದು ಎಲ್ಲ ಬೇರೆ ಬೇರೆ. ಅವರಿಗೆ ಕೇಳದೆ ಯಜಮಾನರೂ ಒಂದು ಚಕ್ಕೆ ಎಳೆಯುತ್ತಿರಲಿಲ್ಲ. ಆ ಜಾಗ ಕೇಳುವ ಧೈರ್ಯ ನನಗಿರಲಿಲ್ಲ. ಬರಿ ಕೊಡ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಮಗ್ಗುಲ ಬಾಗಿಲಲ್ಲಿ ಅವರೇ ಕಾಣಿಸಿಕೊಂಡರು.

"ಇದೇನವಾ, ಮುಂಜಾನಿಂದ ಮನಿ ಸುತ್ತ ನೆಲಕ್ಕ ನೀರು ಕುಡಸ್ಲಿಕತ್ತೀ?"

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಯಾಕೋ ಹೇಳಿಬಿಟ್ಟೆ. ಅಪ್ಪ ನೀರು ಸುರುವುತ್ತಿದ್ದದ್ದು, ಒಗೆಯುವ ಕಲ್ಲು, ಬಾವಿಯ ತನಕ ಹೋಗುತ್ತಿದ್ದದ್ದು, ಗೂಟ ಮುಂದಿನ ಅಂಗಳಕ್ಕೆ ಹೋದದ್ದು, ಈಗ ತಗಡು ಹೊದಿಸಿದರೆ ಮೋಟಾರೂ ಹಾಗೆಯೇ ಆಗುತ್ತದೆಂಬುದು. ಅವರು ಹೊಸ್ತಿಲ ಮೇಲೆ ಕೂತು ಕೇಳಿದರು. ಬೈಯುತ್ತಾರೇನೋ ಎಂದುಕೊಂಡೆ. ಅವರು ನಗುತ್ತಿದ್ದರು.

ತಾವು ಹೊಸದಾಗಿ ಮದುವೆಯಾಗಿ ಬಂದ ವರ್ಷದ ಮಾತು ಹೇಳಿದರು. ತವರು ಅಣ್ಣಿಗೇರಿಯ ಕಡೆ. ಪಂಚಮಿಗೆಂದು ತವರಿಗೆ ಹೋದವರು ತಿರುಗಿ ಬರುವಾಗ ಮಳೆ ಹಿಡಿದು ಚಕ್ಕಡಿ ಹೂಡುವಂತಿರಲಿಲ್ಲ. ಮಾವನವರು ಒಂದು ತಟ್ಟು ತಂದು, ಬೆನ್ನ ಮೇಲೆ ಗೋಣಿ ಹಾಸಿ, ಕಚ್ಚೆ ಬಿಗಿದ ಇವರನ್ನು ಕೂಡ್ರಿಸಿ, ತಾವು ಹಗ್ಗ ಹಿಡಿದು ಮುಂದೆ ನಡೆದರಂತೆ.

"ದಾರ್ಯಾಗ ಹಳ್ಳಕ್ಕ ನೀರು ಬಂದಿತ್ತು ನೋಡು. ನಿಮ್ಮ ಮಾವನವರಿಗೆ ಈಸು ಬರ್ತಿದ್ದಿಲ್ಲ. ಹಗ್ಗಾ ನನ್ನ ಕೈಯಾಗ ಕೊಟ್ಟು, ತಾವು ತಟ್ಟಿನ ಬಾಲಾ ಹಿಡಕೊಂಡ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು, ನಗುವಿಗೋ ಏನೋ. "ಆ ದಂಡಿಗೆ ಮುಟ್ಟಿದ ಕೂಡಲೇ ಮತ್ತ ಹಗ್ಗಾ ಇಸಗೊಂಡ್ರು."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಈ ಮಾತು ನನಗೆ ಗೊತ್ತಿರಲಿಲ್ಲ. ಹಗ್ಗ ಕೈಯಲ್ಲಿದ್ದಾಗ ಹೇಗನಿಸಿತೆಂದು ಕೇಳಿದೆ. ಅವರು ಎದ್ದು ಸಂದಿಗೆ ಇಳಿದು, ಒಂದೆರಡು ಕಟ್ಟಿಗೆ ಸರಿಸಿ, ಕಾಲಿನಿಂದ ನೆಲ ಒತ್ತಿ ನೋಡಿದರು.

"ಈ ಬಾಗಲದಿಂದ ಹತ್ತಿದ್ರ ಕಟ್ಟಿ ಮ್ಯಾಲೆ ಕೂತವರಿಗೆ ಕಾಣ್ತದೇನು?"

"ಇಲ್ರಿ. ಗ್ವಾಡಿ ಅಡ್ಡ ಬರ್ತದ."

ಸಂಜೆ ಯಜಮಾನರಿಗೆ ನಾನು ನಡೆದದ್ದನ್ನು ನಡೆದಂತೆ ಹೇಳಿದೆ. ಹಿತ್ತಲಲ್ಲಿ ನೀರು ನಿಲ್ಲುತ್ತದೆ, ಮುಂದೆ ಹರಿಯುತ್ತದೆ. ಅವರು ಗೆದ್ದ ಮುಖದಿಂದ ತಾಟಿಗೆ ಕೈ ಹಾಕಿದರು. ಆಗ ಅತ್ತೆ, ಯಾರನ್ನೂ ನೋಡದೆ, ದಸರೆ ಮುಗಿದೊಡನೆ ಕಟ್ಟಿಗೆಯನ್ನೆಲ್ಲ ತೆಗೆಸುತ್ತೇನೆ, ಗಾಡಿ ಸಂದಿಯಲ್ಲಿ ನಿಲ್ಲಲಿ ಎಂದರು. ಯಜಮಾನರ ಕೈ ತುತ್ತಿನೊಂದಿಗೆ ಅರ್ಧಕ್ಕೆ ನಿಂತಿತು.

"ಅಲ್ಲಿ ನಿಂತ್ರ ಯಾರಿಗೆ ಕಾಣಬೇಕವಾ?"

"ಬರೂದು ಕಾಣ್ತದ, ಹೋಗೂದು ಕಾಣ್ತದ. ನಿಂತದ್ದು ಯಾಕ ಕಾಣಬೇಕಪಾ? ಮುಂದ ನಿಂದ್ರಿಸಿದ್ರ ಮೊನ್ನೆ ತಟ್ಟು ಕಟ್ಟಿದ್ರು, ನಾಳೆ ಎಮ್ಮಿ ಕಟ್ತಾರ."

ಯಜಮಾನರು ಕೋರ್ಟಿನಲ್ಲಿ ವಾದ ಮಾಡುವವರು, ಮನೆಯಲ್ಲಿ ತಾಯಿಯ ಎದುರು ಮಾಡುವವರಲ್ಲ. ದಸರೆ ಮುಗಿದು ಬಡಿಗ ಬಂದಾಗ ತಗಡಿನ ಛಪ್ಪರ ಹಿತ್ತಲಲ್ಲಿ ಎದ್ದಿತು, ಕಲ್ಲಿನ ಕಟ್ಟೆ ಕಟ್ಟಿಸಿ ಅದರ ಮೇಲೆ ಕಟ್ಟಿಗೆ ಒಟ್ಟಿಸಿದರು. ಡ್ರೈವರನಿಗೆ ಹೊಸ ಜಾಗದ ಬಗ್ಗೆ ಒಂದೇ ಹಟ, ಗಾಡಿಯ ಮೂತಿ ರಸ್ತೆಯ ಕಡೆಗೇ ಇರಬೇಕು. ಟಾಂಗಾದ ಕುದುರೆಯನ್ನು ಹಿಂದೆ ಹಿಂದೆ ನಡೆಸುವವನಂತೆ ಬಾಯಲ್ಲಿ ಚಚ್ ಚಚ್ ಎನ್ನುತ್ತ ಗಾಡಿಯನ್ನು ಹಿಂದು ಮಾಡಿ ಸಂದಿಯೊಳಗೆ ತಂದು ನಿಲ್ಲಿಸಿದ. ನಾನು ಮಗ್ಗುಲ ಬಾಗಿಲು ತೆರೆದು ನೋಡಿದೆ. ಕಾರಿನ ಫುಟ್‌ಬೋರ್ಡು ಹೊಸ್ತಿಲ ಎತ್ತರಕ್ಕೇ ಬಂದಿತ್ತು. ಒಂದೇ ಹೆಜ್ಜೆ.

ದೀಪಾವಳಿಗೆ ಅಪ್ಪ ಬಂದರು. ಆಗ ಅವರಿಗೆ ಪೆನ್ಶನ್ ಆಗಿ, ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದರು. ಮೊಣಕಾಲು ಬಿಗಿಯಾಗಿ ಕುದುರೆಯನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮೊದಲು ಕಾರು ತೋರಿಸಿರೆಂದರು. ಸುತ್ತ ಒಂದು ಸುತ್ತು ಹಾಕಿದರು. ಹಿಂದಿನಿಂದ ಹಾಯುವಾಗ ಕುದುರೆಯ ಒದೆತ ತಪ್ಪಿಸುವವರಂತೆ ಒಂದು ಮಾರು ದೂರ ಸರಿದು ಹೋದರು. ಗಾಲಿ ಒತ್ತಿದರು, ಮೂತಿಯ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು. ಆಮೇಲೆ ಕೆಳಗೆ ನೋಡಿ ಕೋಲಿನಿಂದ ಗರಸು ಕೆದರಿ, ಈ ಜಾಗ ಯಾರು ಆರಿಸಿದರೆಂದು ಕೇಳಿದರು. ನಮ್ಮವ್ವ ಎಂದರು ಯಜಮಾನರು. ಅತ್ತೆ ಬಾಗಿಲ ಮರೆಯಿಂದ, ನಿಮ್ಮ ಮಗಳೇ ನೀರು ಹಾಕಿ ನೋಡಿದ್ದು ಎಂದರು. ಅಪ್ಪ ಮಗ್ಗುಲ ಬಾಗಿಲು ನೋಡಿದರು, ಹೊಸ್ತಿಲು ನೋಡಿದರು, ಫುಟ್‌ಬೋರ್ಡು ನೋಡಿದರು.

ಅವರನ್ನು ತಿರುಗಿ ಬಿಡಲು ಒಂದು ರವಿವಾರ ಕಾರಿನಲ್ಲೇ ಹೊರಟೆವು. ಅಷ್ಟರಲ್ಲಿ ಯಜಮಾನರೂ ನಡೆಸಲು ಕಲಿತಿದ್ದರು. ಮುಂದೆ ಅವರು ಮತ್ತು ಅಪ್ಪ, ಹಿಂದೆ ನಾನು ಮತ್ತು ಅತ್ತೆ. ಕಟ್ಟೆಯ ಮೇಲೆ ಆಗಲೇ ಜನ ಕೂತಿದ್ದರು, ಗೋಡೆಯಾಚೆ ನಾವು ಹತ್ತಿದ್ದು ಯಾರಿಗೂ ತಿಳಿಯಲಿಲ್ಲ. ನವಲೂರಿನ ಪೇರಲ ತೋಟಗಳು ಹಿಂದಕ್ಕೆ ಓಡಿದವು. ನನಗೆ ಕಂಡದ್ದು ಮಾತ್ರ ಹೆಚ್ಚಾಗಿ ಅಪ್ಪನ ರುಮಾಲು. ಉಣಕಲ್ಲಿನ ಕೆರೆಯ ಹತ್ತಿರ ಇಂಜಿನು ಕಾದು ಉಸುರು ಬಿಡತೊಡಗಿತು. ನೀರು ತರಲೆಂದು ಯಜಮಾನರು ಡಬ್ಬಿ ಹಿಡಿದು ಕೆರೆಗೆ ಇಳಿದ ಮೇಲೆ ಅಪ್ಪ, ಮುಂದೆ ನೋಡುತ್ತಲೇ, ನನಗೆ ಹೇಳಿದರು.

"ಅವತ್ತು ಹಿತ್ತಲದ ನೆಲಾ ಒಣಾನ ಇತ್ತು."

"ಗೊತ್ತದ ಅಪ್ಪಾ. ನೀರು ಹಾಕಿ ನೋಡಿದ್ದೆ."

ಅಪ್ಪನ ರುಮಾಲು ಸ್ವಲ್ಪ ಅಲ್ಲಾಡಿತು. ಬಾಗಿಲು ತೆರೆದು, ಕೋಲೂರಿ, ಕಷ್ಟಪಟ್ಟು ಕೆಳಗಿಳಿದರು. ಹಿಂದಿನ ಬಾಗಿಲಿಗೆ ಬಂದು ನಿಂತು "ನೀ ಮುಂದ ಕೂಡು" ಎಂದರು. ನಾನು ಅತ್ತೆಯ ಮುಖ ನೋಡಿದೆ. ಹೋಗೆಂಬಂತೆ ಅವರು ತಮ್ಮ ಸೀರೆಯ ನೆರಿಗೆ ಸರಿಸಿ ಅಪ್ಪನಿಗೆ ಜಾಗ ಮಾಡಿದರು.

ನೀರು ತಂದ ಯಜಮಾನರು ನನ್ನನ್ನು ಮುಂದೆ ಕಂಡು ಒಂದು ಗಳಿಗೆ ಡಬ್ಬಿ ಹಿಡಿದೇ ನಿಂತರು. ಆಮೇಲೆ ನೀರು ಸುರುವಿ, ಹ್ಯಾಂಡಲು ತಿರುಗಿಸಿ, ಬಂದು ಕೂತರು. ಗಾಡಿ ಹೊರಟಿತು. ಮುಂದಿನ ಎರಡು ದೀಪಗಳು ಕಿವಿಗಳಂತೆ ಎದ್ದು ನಿಂತಿದ್ದವು, ಅವುಗಳ ನಡುವೆ ಹುಬ್ಬಳ್ಳಿಯ ದಾರಿ. ಎದುರಿನಿಂದ ಒಂದು ಎತ್ತಿನ ಜೋಡಿ ಬಂತು. ದೀಪಗಳು ಅತ್ತ ಇತ್ತ ತಿರುಗಲಿಲ್ಲ, ಇದಕ್ಕೆ ತಾನಾಗಿ ಏನೂ ತಿಳಿಯುವುದಿಲ್ಲ, ಎಲ್ಲವನ್ನೂ ಕೂತವರೇ ನೋಡಬೇಕು ಎಂದುಕೊಂಡೆ. ಯಜಮಾನರು ತಮ್ಮ ಪಕ್ಕದಲ್ಲಿ ಗಾಡಿಯ ತಳದಿಂದ ಎದ್ದಿದ್ದ ಕಬ್ಬಿಣದ ಕೋಲನ್ನು ಹಿಡಿದು ಎಳೆದರು, ಇಂಜಿನ್ನಿನ ದನಿ ಬದಲಾಯಿತು.

ಆ ಕೋಲು ಯಾತಕ್ಕೆಂದು ನಾನು ಕೇಳಿದೆ. ಅವರು ಹೇಳತೊಡಗಿದರು. ಹಿಂದಿನಿಂದ ಅತ್ತೆ ಮುಂದಕ್ಕೆ ಬಾಗಿ, ನಮ್ಮಿಬ್ಬರ ನಡುವೆ ತಲೆ ತಂದರು.

"ಸ್ವಲ್ಪ ಜೋರಾಗಿ ಹೇಳಪಾ. ನನಗೂ ಕೇಳಲಿ."